ಪೇಲೆಯಮ್ಮನಿಗೆ ಮುಂದಿನ ಸೀಟು

ಹೀಲೋ ಪಟ್ಟಣದಿಂದ ಪಹಾಲಾ ಎಂಬ ಊರಿಗೆ ಹೊರಟ ಪುಟ್ಟ ಕಾರಿನಲ್ಲಿ ಕಪೋನೊ, ಅವನ ಗೆಳೆಯರಾದ ನೈನೋವಾ ಮತ್ತು ಫ್ರೆಡ್ಡಿ, ಒಂದು ಮೀನಿನ ಪೆಟ್ಟಿಗೆ, ಒಂದು ಹೂಮಾಲೆ, ಜೊತೆಗೆ ಕಪೋನೊನ ಇಡೀ ಭವಿಷ್ಯ ಇದ್ದವು. ಅಂದು ಅವನು ಪ್ರೀತಿಸುತ್ತಿದ್ದ ಕವೇಹಿಯ ಅಜ್ಜಿ ಟೂಟೂವಿನ ಹುಟ್ಟುಹಬ್ಬ. ಕವೇಹಿಯನ್ನು ಮದುವೆಯಾಗಬೇಕಾದರೆ ಟೂಟೂ ಹೂಂ ಅನ್ನಬೇಕು.

"ಹುಡುಗ ಹಿರಿಯರಿಗೆ ಮರ್ಯಾದೆ ಕೊಡ್ತಾನಾ ಅಂತ ಮಾತ್ರ ನೋಡ್ತಾಳೆ, ಇನ್ನೇನೂ ಕೇಳಲ್ಲ" ಎಂದು ಕವೇಹಿ ಧೈರ್ಯ ತುಂಬಿದ್ದಳು. ಟೂಟೂವಿನ ಒಂದು ಫೋಟೋವನ್ನೂ ತೋರಿಸಿದ್ದಳು. ಅದರಲ್ಲಿ ಅಜ್ಜಿ ಮೂಗಿನವರೆಗೂ ಹೂಮಾಲೆಗಳಲ್ಲಿ ಮುಳುಗಿದ್ದಳು. ಕಾಣುತ್ತಿದ್ದದ್ದು ಹತ್ತಿಯಂಥ ಬಿಳಿ ತಲೆಯೊಂದೇ.

ಜ್ವಾಲಾಮುಖಿಯ ಉದ್ಯಾನದೊಳಗೆ ಬಂದೊಡನೆ ಮಂಜು ಇಳಿಯಿತು. ನೆಲದ ಬಿರುಕುಗಳಿಂದ ಹಬೆ ನಿಧಾನವಾಗಿ ಎದ್ದು ಮಂಜಿನೊಳಗೆ ಕರಗುತ್ತಿತ್ತು. ಕಪ್ಪು ಕಲ್ಲಿನ ನಡುವೆ ಲೆಹುವಾ ಹೂಗಳು ಕೆಂಪಗೆ ತೇಲಿ ಬಂದು ಹಿಂದಕ್ಕೆ ಸರಿಯುತ್ತಿದ್ದವು. ಕಾರು ಓಡಿಸುತ್ತಿದ್ದ ಕಪೋನೊನಿಗೆ ತನ್ನ ಮದುವೆ ಆಗಿಯೇ ಹೋಗಿದೆ, ಪಕ್ಕದಲ್ಲಿ ಕವೇಹಿ ಕುಳಿತಿದ್ದಾಳೆ ಅನ್ನಿಸತೊಡಗಿತು. ಪಕ್ಕದಲ್ಲಿ ಕುಳಿತು ಒಣಮೀನು ಜಗಿಯುತ್ತಿದ್ದವನು ನೈನೋವಾ.

ಆಗ ಮಂಜಿನೊಳಗಿಂದ ಒಂದು ಬಿಳಿ ತಲೆ ಮೂಡಿತು. ಮುದುಕಿಯೊಬ್ಬಳು ರಸ್ತೆಯ ಬದಿಯಲ್ಲಿ ನಿಂತು ಕೈ ಎತ್ತಿದ್ದಳು.

"ನಿಲ್ಸೋ! ಪೇಲೆಯಮ್ಮ ಕಣೋ!" ನೈನೋವಾ ಕಿರುಚಿದ.

ಬೆಂಕಿಯ ಬೆಟ್ಟದ ತಾಯಿ ಪೇಲೆ ನರೆತ ಮುದುಕಿಯಾಗಿ ರಸ್ತೆಗೆ ಬಂದು ನಿಲ್ಲುವುದು ಯಾರಿಗೆ ತಿಳಿಯದು? ನೈನೋವಾನ ಚಿಕ್ಕಪ್ಪ ಹಿಂದೊಮ್ಮೆ ಗಾಡಿ ನಿಲ್ಲಿಸದೆ ಹೋಗಿದ್ದ. ಈಗ ಅವನ ಅಂಗಳದಲ್ಲಿ ತೆಂಗಿನಮರದ ತುದಿಯಷ್ಟೇ ಕಾಣುತ್ತದೆ, ಉಳಿದದ್ದೆಲ್ಲ ಲಾವಾದೊಳಗೆ.

"ಬಸ್ಸು ಬರ್ಲೇ ಇಲ್ಲ ಕಣಪ್ಪಾ. ಪಹಾಲಾ ಕಡೆ ಹೋಗ್ತೀರಾ?" ಮುದುಕಿ ಕೇಳಿದಳು.

"ನೋಡ್ದಾ, ನಾವು ಎಲ್ಲಿಗೆ ಹೋಗ್ತಿದೀವಿ ಅಂತ ಹೆಂಗೆ ಗೊತ್ತಾಯ್ತು!" ಫ್ರೆಡ್ಡಿ ಪಿಸುಗುಟ್ಟಿದ. ಆ ದಿಕ್ಕಿಗೆ ಹೋಗುವವರೆಲ್ಲ ಪಹಾಲಾ ದಾಟಿಯೇ ಹೋಗಬೇಕು ಎಂಬುದು ಮೂವರಿಗೂ ಹೊಳೆಯಲಿಲ್ಲ.

ನೈನೋವಾ ಮುಂದಿನ ಸೀಟು ಬಿಟ್ಟುಕೊಟ್ಟು ಹಿಂದೆ ಫ್ರೆಡ್ಡಿ ಮತ್ತು ಮೀನಿನ ಪೆಟ್ಟಿಗೆಯ ನಡುವೆ ತೂರಿಕೊಂಡ. ಫ್ರೆಡ್ಡಿ ಟೂಟೂಗೆಂದು ತಂದಿದ್ದ ಮಾಲೆಯನ್ನೇ ಎತ್ತಿ ಮುದುಕಿಯ ಕೊರಳಿಗೆ ಹಾಕಿಬಿಟ್ಟ. ಅಮ್ಮನಿಗೆ ಕುಲುಕಾಟವಾಗಬಾರದೆಂದು ಕಪೋನೊ ಕಾರನ್ನು ತೆವಳಿಸಿಕೊಂಡು ಹೋದ. ಒಮ್ಮೆ ಪಕ್ಕಕ್ಕೆ ನೋಡಿದರೆ ಸೀಟು ಖಾಲಿ!

"ಮಾಯವಾದ್ಳು!" ಎಂದ ಕಪೋನೊ.

"ಚಪ್ಪಲಿ ಸಿಕ್ತು," ಎನ್ನುತ್ತಾ ಬಗ್ಗಿದ್ದ ಮುದುಕಿ ಮೇಲೆದ್ದಳು.

ಮಂಜು ತೆಳುವಾಗುವ ಹೊತ್ತಿಗೆ ಮತ್ತೊಬ್ಬ ಹೆಂಗಸು ಕಂಡಳು. ಕೆಟ್ಟು ನಿಂತ ಕಾರಿನ ಪಕ್ಕದಲ್ಲಿ ಎರಡೂ ಕೈ ಬೀಸುತ್ತಿದ್ದಳು. ಮುಖದಲ್ಲಿ ಸುಕ್ಕಿತ್ತು, ತಲೆ ಮಾತ್ರ ಕಾಡಿಗೆಯಷ್ಟು ಕಪ್ಪು. ಕಪೋನೊನ ಕಾಲು ಬ್ರೇಕಿನ ಕಡೆಗೆ ಹೋಯಿತು.

"ಎಲ್ಲಿ ಕೂರಿಸ್ತೀಯೋ? ಪೇಲೆಯಮ್ಮನ ತೊಡೆ ಮೇಲಾ?" ನೈನೋವಾ ಕಿವಿಯಲ್ಲಿ ಹೇಳಿದ. "ಅವಳ ತಲೆ ನೋಡು, ಕರ್ರಗಿದೆ. ಏನೂ ಆಗಲ್ಲ, ನಡಿ!"

ಕಾರು ಮುಂದೆ ಹೋಯಿತು. ಹೆಂಗಸು ಚಪ್ಪಲಿ ಬಿಚ್ಚಿ ಎಸೆದದ್ದು ಕನ್ನಡಿಯಲ್ಲಿ ಕಂಡಿತು. ಕಪೋನೊನಿಗೆ ಒಂದು ಗಳಿಗೆ ಪಿಚ್ಚೆನಿಸಿತು. ಆದರೆ ದೇವಿಯೇ ಪಕ್ಕದಲ್ಲಿ ಹಾಯಾಗಿ ಗೊರಕೆ ಹೊಡೆಯುತ್ತಿರುವಾಗ ಎಷ್ಟು ಹೊತ್ತು ಬೇಸರಪಟ್ಟಾನು?

ಪಹಾಲಾದಲ್ಲಿ ಮುದುಕಿ ಕಣ್ಣುಜ್ಜಿಕೊಂಡು ಒಂದು ಗೇಟು ತೋರಿಸಿ, "ಇಲ್ಲೇ ನಿಲ್ಸಪ್ಪಾ," ಎಂದಳು. ಅದು ಕವೇಹಿಯ ಮನೆ! ಬಿಳಿ ತಲೆ, ಕೊರಳಲ್ಲಿ ಮಾಲೆ, ಥೇಟ್ ಫೋಟೋದಲ್ಲಿದ್ದಂತೆಯೇ. ಕಪೋನೊನ ಎದೆ ಕುಣಿಯಿತು. ತಾನು ಇಷ್ಟು ಹೊತ್ತು ರಾಣಿಯಂತೆ ಕೂರಿಸಿಕೊಂಡು ಬಂದದ್ದು ಸಾಕ್ಷಾತ್ ಟೂಟೂವನ್ನೇ! ಬಾಗಿಲು ತೆರೆದು, ಕೈ ಹಿಡಿದು ಇಳಿಸಿ, ಕೆನ್ನೆಗೆ ಮುತ್ತಿಟ್ಟು, "ಹುಟ್ಟುಹಬ್ಬದ ಶುಭಾಶಯ, ಟೂಟೂ!" ಎಂದ.

"ನಂದಲ್ಲಪ್ಪಾ, ಟೂಟೂದು. ನಾನು ಪಕ್ಕದ್ಮನೆಯವಳು, ಊಟಕ್ಕೆ ಬಂದೆ," ಎಂದಳು ಮುದುಕಿ.

ಅಷ್ಟರಲ್ಲಿ ಕವೇಹಿ ಓಡಿಬಂದಳು. "ದಾರೀಲಿ ಟೂಟೂ ಸಿಕ್ಕಿದ್ಲಾ? ಬೆಳಿಗ್ಗೆ ಹೀಲೋಗೆ ಹೋದೋಳು ಇನ್ನೂ ಬಂದಿಲ್ಲ. ಹುಟ್ಟುಹಬ್ಬ ಅಂತ ತಲೆಗೆ ಬಣ್ಣ ಹಚ್ಚಿಸ್ಕೊಳ್ಳೋಕೆ ಹೋಗಿದ್ಲು."

ಆಗಲೇ ಗೇಟಿನ ಮುಂದೆ ಹಂದಿ ಸಾಗಿಸುವ ಗಾಡಿಯೊಂದು ಬಂದು ನಿಂತಿತು. ಅದರಿಂದ ಕಾಡಿಗೆಗಪ್ಪು ತಲೆಯ ಟೂಟೂ ಒಂದೇ ಚಪ್ಪಲಿಯಲ್ಲಿ ಇಳಿದಳು.

"ಇವ್ನೇ!" ಎಂದು ಕಪೋನೊನತ್ತ ಬೆರಳು ಮಾಡಿದಳು. "ತಲೆ ಬೆಳ್ಳಗಿದ್ದಾಗ ಒಂದೇ ಒಂದು ಗಾಡಿ ನನ್ನ ಬಿಟ್ಟು ಹೋಗಿರ್ಲಿಲ್ಲ. ಇವತ್ತೊಂದಿನ ಕಪ್ಪು ಮಾಡ್ಕೊಂಡೆ, ಈ ಮಹಾರಾಯ ಮುಖ ನೋಡಿನೂ ಹೋದ! ಇವನು ಮರ್ಯಾದೆ ಕೊಡೋದು ಹಿರಿಯರಿಗಲ್ಲ, ಬಿಳಿಕೂದಲಿಗೆ!"

ಕಪೋನೊ ಕಾಲಿಗೆ ಬೀಳುವುದೊಂದು ಬಾಕಿ. ಕವೇಹಿ ಅತ್ತಳು. ಪಕ್ಕದ ಮನೆಯವಳೂ, "ಪಾಪ, ಒಳ್ಳೇ ಹುಡುಗ. ಎಷ್ಟು ಮೆತ್ತಗೆ ಓಡಿಸ್ದ ಗೊತ್ತಾ!" ಎಂದು ಗೋಗರೆದಳು. ಕೊನೆಗೆ ಟೂಟೂವಿನ ಮನಸ್ಸು ತುಸು ಕರಗಿತು.

"ಆಯ್ತು. ಈ ಬಣ್ಣ ಹೋಗಿ ನನ್ನ ತಲೆ ಮತ್ತೆ ಪೂರ್ತಿ ಬೆಳ್ಳಗಾಗ್ಲಿ. ಆವತ್ತು ಬಂದು ಹೆಣ್ಣು ಕೇಳು."

ಕಪೋನೊನಿಗೆ ಹೋದ ಜೀವ ಬಂದಂತಾಯಿತು. ಬಣ್ಣ ತಾನೇ, ಹೋಗಿಯೇ ಹೋಗುತ್ತದೆ! ಗೆಳೆಯನಿಗೆ ಇನ್ನಷ್ಟು ಒಳ್ಳೆಯದಾಗಲೆಂದು ಫ್ರೆಡ್ಡಿ ಮುಂದೆ ಬಂದು, ಟೋಪಿ ತೆಗೆದು, ಹಲ್ಲು ಕಿರಿದ.

"ಒಂದ್ಮಾತು ಹೇಳ್ಲಾ ಟೂಟೂ? ಈ ಕಪ್ಪು ಕೂದಲಲ್ಲಿ ನಿಮ್ಮನ್ನ ಯಾರೂ ಅಜ್ಜಿ ಅನ್ನಲ್ಲ. ಕವೇಹಿಗೆ ಅಕ್ಕ ಅಂದ್ಕೋತಾರೆ!"

ಟೂಟೂವಿನ ಮುಖ ಅರಳಿತು. ಕಿಟಕಿಯ ಗಾಜಿನಲ್ಲಿ ಆಚೆ ಈಚೆ ತಿರುಗಿ ನೋಡಿಕೊಂಡಳು.

"ಹೌದಾ? ಹಂಗಾದ್ರೆ ಇನ್ಮೇಲೆ ತಿಂಗಳು ತಿಂಗಳೂ ಹಚ್ಚಿಸ್ಕೋತೀನಿ," ಎಂದಳು.