ಡಬ್ಬಿಗೂ ಗಾಳಿ ಬೇಕು

ನನ್ನ ಹೆಂಡತಿ ನೀಲಾ ಬದುಕಿದ್ದ ಕೊನೆಯ ಭಾನುವಾರ ನಮ್ಮಿಬ್ಬರಿಗೆ ಜಗಳವಾದದ್ದು ಟೇಬಲ್ ಫ್ಯಾನಿನ ಸಲುವಾಗಿ. ಗೋವೆಯ ಚಿಂಬಲ್‌ನಲ್ಲಿ ನಮ್ಮದು ಒಂದೂವರೆ ಕೋಣೆಯ ಮನೆ, ಮೇಲೆ ತಗಡು, ಒಳಗೆ ಒಂದೇ ಫ್ಯಾನು. ಆ ಫ್ಯಾನು ಆವತ್ತೂ ಎಂದಿನಂತೆ ನನಗೆ ಬೆನ್ನು ತಿರುಗಿಸಿ ಅವಳ ಕಂಪ್ಯೂಟರಿಗೆ ಗಾಳಿ ಬೀಸುತ್ತಿತ್ತು. ಮೇಜಿನ ಕೆಳಗಿನ ಕರಿ ಡಬ್ಬಿಯ ಪಕ್ಕದ ಬಾಗಿಲನ್ನು ಅವಳು ಯಾವತ್ತೋ ಬಿಚ್ಚಿ ಮಂಚದ ಕೆಳಗೆ ತಳ್ಳಿದ್ದಳು. ಒಳಗಿನ ವೈರುಗಳು ಸೀಳಿಟ್ಟ ಕೋಳಿಯ ಹೊಟ್ಟೆಯ ಹಾಗೆ ಕಾಣುತ್ತಿದ್ದವು. ನಾನು ಬನಿಯನ್ ಕೂಡ ಕಳೆದು ನೆಲದ ಮೇಲೆ ಅಂಗಾತ ಬಿದ್ದಿದ್ದೆ.

“ಗಂಡಗ ಗಾಳಿ ಇಲ್ಲ, ಡಬ್ಬಿಗಿ ಗಾಳಿ” ಎಂದೆ.

“ಅದು ಕೆಲಸಾ ಮಾಡಾಕತ್ತೈತ್ರಿ. ನೀವೇನ ಮಾಡಾಕತ್ತೀರಿ?” ಎಂದಳು.

ಮಂಗಳವಾರ ಬೆಳಿಗ್ಗೆ ನಳದ ನೀರು ಹಿಡಿಯಲು ಹೋದವಳು ಕೊಡದ ಪಕ್ಕದಲ್ಲೇ ಕುಸಿದಳು. ಆಸ್ಪತ್ರೆಯಲ್ಲಿ ಹೃದಯ ನಿಂತಿತು ಅಂದರು. ಆ ವಿಷಯ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಕಂಪ್ಯೂಟರಿನ ವಿಷಯ ಬರೆಯುತ್ತೇನೆ.

ನೀಲಾ ಹತ್ತನೆಯ ತರಗತಿ ಓದಿದವಳು. ನಮ್ಮ ಓಣಿಯಲ್ಲಿ ಹೆಚ್ಚಿನವರು ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರು. ರೇಶನ್ ಕಾರ್ಡು, ಲೇಬರ್ ಕಾರ್ಡು, ಮಕ್ಕಳ ಪರೀಕ್ಷೆ, ಎಲ್ಲ ಅರ್ಜಿಗಳನ್ನೂ ಅವಳೇ ತುಂಬಿ ಕೊಡುತ್ತಿದ್ದಳು. ಅರ್ಜಿಗೆ ಫೋಟೋ ಬೇಕಲ್ಲ. ಗೋಡೆಗೆ ಬಿಳಿ ಚಾದರ ಕಟ್ಟಿ, ಬಂದವರನ್ನು ನಿಲ್ಲಿಸಿ, ಕಾಲರ್ ಸರಿಮಾಡಿ, ಗದ್ದ ಎತ್ತಿ, ತನ್ನ ಮೊಬೈಲಿನಲ್ಲಿ ಹೊಡೆಯುವಳು. ಆಮೇಲೆ ಕಂಪ್ಯೂಟರಿಗೆ ಹಾಕಿ ಕತ್ತರಿಸುವಳು. ಮೊಬೈಲು ಪದೇ ಪದೇ ತುಂಬುತ್ತಿದ್ದರಿಂದ ಅದರಲ್ಲಿ ಏನನ್ನೂ ಉಳಿಸುತ್ತಿರಲಿಲ್ಲ, ಎಲ್ಲ ಡಬ್ಬಿಯೊಳಗೆ.

ಅವಳು ಹೋದ ಮೇಲೆ ಊರಿನಿಂದ ನನ್ನ ಅಕ್ಕ ಬಂದಳು. ಅಕ್ಕ ಬರುವಾಗ ಮನೆ ಒಪ್ಪವಾಗಿ ಕಾಣಲೆಂದು ಮಂಚದ ಕೆಳಗಿನ ಬಾಗಿಲು ತೆಗೆದು, ಡಬ್ಬಿಗೆ ಹಾಕಿ, ಸ್ಕ್ರೂ ಬಿಗಿದೆ. ಫ್ಯಾನನ್ನು ನನ್ನ ಕಡೆ ತಿರುಗಿಸಿಕೊಂಡೆ. ಇಷ್ಟು ವರ್ಷದಲ್ಲಿ ಆ ಫ್ಯಾನು ನನ್ನ ಮುಖ ನೋಡಿದ್ದು ಅದೇ ಮೊದಲು. ಅಕ್ಕ ಬಂದವಳೇ, “ತಮ್ಮಾ, ಹೋದವರ ಸಾಮಾನು ಹಿಂಗ ಬತ್ತಲೆ ಬಿಡಬಾರದು” ಎಂದು ನೀಲಾ ಹೊಲಿದಿದ್ದ ಕೌದಿಯನ್ನೇ ಡಬ್ಬಿಗೆ ಹೊದಿಸಿದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ದಪ್ಪ ಕೌದಿ. ಆಮೇಲೆ ಕೇಳಿದಳು, “ನೀಲಾನ ಫೋಟೋ ಎಲ್ಲೈತಿ? ಹೂವಾ ಏರಿಸಬೇಕಲ್ಲ.”

ಮೊಬೈಲಿನ ಕಾಲದಲ್ಲಿ ಒಬ್ಬ ಹೆಂಗಸಿನ ಫೋಟೋ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಮದುವೆಯ ಆಲ್ಬಮ್ಮನ್ನು ಗೋವೆಯ ಮಳೆಗಾಲಗಳು ಬೂಸ್ಟು ಹಿಡಿಸಿ ಮುಗಿಸಿದ್ದವು. ಅದರಲ್ಲಿ ಈಗ ನನ್ನ ಎಡ ಕಿವಿ ಮತ್ತು ಭಟ್ಟರು ಮಾತ್ರ ಸ್ಪಷ್ಟವಾಗಿದ್ದಾರೆ. ನಂಟರ ಮದುವೆಗಳ ಫೋಟೋಗಳಲ್ಲಿ ಅವಳ ಮುಂದೆ ಯಾವಾಗಲೂ ನನ್ನ ದೊಡ್ಡಮ್ಮ ನಿಂತಿದ್ದಾಳೆ, ಮತ್ತು ದೊಡ್ಡಮ್ಮ ನಿಂತ ಮೇಲೆ ಹಿಂದೆ ಗುಡ್ಡವಿದ್ದರೂ ಕಾಣುವುದಿಲ್ಲ. ಅವಳ ಕಂಪ್ಯೂಟರು ಹಚ್ಚಿ ನೋಡಲು ಆಗ ನನಗೆ ಮನಸ್ಸಾಗಲಿಲ್ಲ. ಉಳಿದದ್ದು ಆಧಾರ್ ಕಾರ್ಡು. ಅದರಲ್ಲಿನ ಮುಖ ನೋಡಿ ಅಕ್ಕನೇ, “ಇದು ಬ್ಯಾಡೋ, ಯಾರ ಮ್ಯಾಲೋ ಕಂಪ್ಲೇಂಟ್ ಕೊಡಾಕ ಬಂದಂಗ ಐತಿ” ಎಂದಳು.

ಹೀಗಾಗಿ ಹೂವು ಡಬ್ಬಿಗೇ ಏರಿತು. ನೀಲಾ ಆಯುಧಪೂಜೆಯಲ್ಲಿ ಅದಕ್ಕೆ ಕುಂಕುಮ ಹಚ್ಚುತ್ತಿದ್ದಳಲ್ಲ, ಹೊಸದೇನೂ ಅಲ್ಲ ಎಂದು ಅಕ್ಕ ತೀರ್ಮಾನಿಸಿದಳು. ಡಬ್ಬಿಯ ಮುಂದೆ ನೆಲದ ಮೇಲೆ ಊದಿನಕಡ್ಡಿ, ತಲೆಯ ಮೇಲೆ ವಿಭೂತಿ. ಅಕ್ಕ ಊರಿಗೆ ಹೋದ ಮೇಲೂ ನಾನು ಬೆಳಿಗ್ಗೆ ಕೊರ್ಲಿಮ್‌ನ ಫ್ಯಾಕ್ಟರಿಗೆ ಹೊರಡುವ ಮುಂಚೆ ಎರಡು ಕಡ್ಡಿ, ಸಂಜೆ ಬಂದು ಎರಡು ಕಡ್ಡಿ ಹಚ್ಚಿದೆ. ದೇವರಿಗೂ ನಾನು ಇಷ್ಟು ನಿಯಮದಿಂದ ಹಚ್ಚಿದವನಲ್ಲ.

ಹನ್ನೊಂದು ತಿಂಗಳಾದ ಮೇಲೆ ಅಕ್ಕನ ಫೋನು ಬಂತು. “ವರ್ಷದ ಎಡಿ ಹತ್ತಿರ ಬಂತು. ಫೋಟೋದ ಮುಂದ ಹಿಡಿಯೋಣೋ, ಡಬ್ಬಿ ಮುಂದ ಹಿಡಿಯೋಣೋ?” ಹೋಳಿಗೆ, ಅನ್ನದ ಎಡೆಯನ್ನು ವೈರಿನ ಡಬ್ಬಿಯ ಮುಂದೆ ಇಡುವುದು ನೆಂಟರೆದುರು ಚೆನ್ನಾಗಿರುವುದಿಲ್ಲ. ಊರಿನವರ ಮುಖವೆಲ್ಲ ತುಂಬಿಟ್ಟವಳು ತನ್ನದೂ ಒಂದನ್ನು ಎಲ್ಲೋ ಇಟ್ಟಿರಬೇಕು ಎಂದು ಕಂಪ್ಯೂಟರು ಹಚ್ಚಿದೆ.

ಹತ್ತು ನಿಮಿಷ ಚೆನ್ನಾಗಿ ನಡೆಯಿತು. ಆಮೇಲೆ ಪರದೆಯ ಮೇಲೆ ನಮ್ಮ ಓಣಿಯ ಪ್ಲಂಬರ್ ಯಲ್ಲಪ್ಪನ ಮುಖ ಅರ್ಧ ಬಿಚ್ಚಿಕೊಂಡು ಹಾಗೇ ನಿಂತಿತು. ಮೌಸ್ ತಿರುಗಿಸಿದೆ, ಬಾಣ ಕದಲಲಿಲ್ಲ. ಒತ್ತಿ ಆರಿಸಿ ಮತ್ತೆ ಹಚ್ಚಿದೆ. ಈ ಸಲ ಆರು ನಿಮಿಷ. ಮೂರನೆಯ ಸಲ ಪರದೆ ಪೂರ್ತಿ ನೀಲಿಯಾಗಿ, ಮೇಲೆ ಬಾಯಿ ಸೊಟ್ಟ ಮಾಡಿದ ಒಂದು ಮುಖ, ಕೆಳಗೆ ಇಂಗ್ಲಿಷಿನಲ್ಲಿ ಏನೋ ವಿಷಾದ. ಹನ್ನೊಂದು ತಿಂಗಳು ತಡವಾಗಿ ಮಾತಾಡಿಸಲು ಬಂದ ನೆಂಟರ ಹಾಗಿತ್ತು.

ಫ್ಯಾಕ್ಟರಿಯಲ್ಲಿ ಎಲ್ಲರೂ ಡಾಕ್ಟರಾದರು. ಒಬ್ಬ ವೈರಸ್ ಅಂದ. ಎರಡು ದಿನ ವೈರಸ್ ಹುಡುಕಿಸಿದೆ, ಹುಡುಕುತ್ತ ಹುಡುಕುತ್ತ ಅದೇ ನಿಂತುಹೋಯಿತು. ಇನ್ನೊಬ್ಬ ಕರೆಂಟಿನ ದೋಷ ಅಂದ, ಪ್ಲಗ್ ಬದಲಿಸಿದೆ. ಮೂರನೆಯವನು ರ‍್ಯಾಮ್ ಎಂಬ ಪಟ್ಟಿಯನ್ನು ಕಿತ್ತು ರಬ್ಬರಿನಿಂದ ಉಜ್ಜಲು ಹೇಳಿದ. ಭಾನುವಾರ ಬಾಗಿಲನ್ನು ಒಂದು ಗೇಣಿನಷ್ಟೇ ಸಂದು ಮಾಡಿ, ಕತ್ತಲಲ್ಲಿ ಕೈ ಹಾಕಿ ಅದನ್ನು ತೆಗೆದು, ಉಜ್ಜಿ, ಹಾಕಿ, ಮತ್ತೆ ಸ್ಕ್ರೂ ಬಿಗಿದು, ಕೌದಿ ಹೊದಿಸಿ, ಕಡ್ಡಿ ಹಚ್ಚಿ ಶುರು ಮಾಡಿದೆ. ನಾಲ್ಕು ನಿಮಿಷ. ಕೊನೆಗೆ ಫ್ಯಾಕ್ಟರಿಯ ಎಲೆಕ್ಟ್ರಿಶಿಯನ್, “ಫಾರ್ಮ್ಯಾಟ್ ಹೊಡಿ, ಹೊಸಾದ್ರಂಗ ಆಗತೈತಿ” ಅಂದ. ಒಳಗಿನ ಫೋಟೋ ಎಂದು ಕೇಳಿದೆ. “ಎಲ್ಲಾ ಅಳಸಿ ಹೊಕ್ಕಾವು. ಅದಕ್ಕ ಹೊಸಾದ್ರಂಗ ಅನ್ನೂದು” ಎಂದ. ಆವತ್ತು ನಾನು ಮಧ್ಯಾಹ್ನದ ಊಟದ ಡಬ್ಬಿ ತೆರೆಯಲಿಲ್ಲ.

ಶುಕ್ರವಾರ ಸಂಜೆಯ ನಮಾಜು ಮುಗಿಸಿಕೊಂಡು ಮೆಹಬೂಬ್ ಬಂದ. ಸಿಂದಗಿ ಕಡೆಯವನು, ಓಣಿಯ ಮಿಕ್ಸರ್, ಫ್ಯಾನು, ಕಂಪ್ಯೂಟರು ಎಲ್ಲಕ್ಕೂ ಅವನೇ. ಮೇಜಿನ ಕೆಳಗೆ ಬಗ್ಗಿ ಕೌದಿಯ ಅಂಚು ಎತ್ತಿ ನೋಡಿದ.

“ಅಣ್ಣಾರ, ಇದಕ್ಕ ಥಂಡಿ ಹತ್ತಿತ್ತೇನ್ರಿ?”

ಕೌದಿ ತೆಗೆದು, ಸ್ಕ್ರೂ ಬಿಚ್ಚಿ, ಬಾಗಿಲು ಪೂರ್ತಿ ಸರಿಸಿದ. ಒಳಗಿನ ಪುಟ್ಟ ಫ್ಯಾನು ಊದಿನಕಡ್ಡಿಯ ಜಿಡ್ಡಿನಲ್ಲಿ ಕಪ್ಪಗೆ ಅಂಟಿಕೊಂಡಿತ್ತು. ಅದರ ಮೇಲೆ ಬೂದಿ. ಬೂದಿಯ ಮೇಲೆ ಒಂದು ಚೆಂಡುಹೂವಿನ ಎಸಳು ಒಣಗಿ ಕೂತಿತ್ತು.

“ಇದು ಕಂಪ್ಯೂಟರ್ ಐತೋ, ದರ್ಗಾ ಐತೋ? ದರ್ಗಾದಾಗೂ ಲೋಬಾನದ ಹೊಗಿ ಹಾಕಿದ್ರ ಕಿಡಕಿ ತಗದಿರತಾರ್ರಿ.” ಬ್ರಷ್ಷಿನಿಂದ ಕೆರೆಯುತ್ತ ಕೇಳಿದ, “ನೀಲಕ್ಕ ಬಾಗಲಾ ತಗದ ಇಟ್ಟಿದ್ಲಲ್ರಿ. ಯಾರ ಮುಚ್ಚಿದ್ರು?”

“ನಾನ.”

“ಒಳಗಿನ ಫ್ಯಾನ್‌ಗ ಜೀವಾ ಇಲ್ಲ, ಹೊರಗಿಂದ ಗಾಳಿ ಹಚ್ಚಕ್ಕಾ ಅಂತ ನಾನ ಆಕಿಗೆ ಹೇಳಿದ್ದೆ. ಆ ಟೇಬಲ್ ಫ್ಯಾನ್ ಎಲ್ಲೈತಿ?”

ಟೇಬಲ್ ಫ್ಯಾನು ನನ್ನ ಹಾಸಿಗೆಯ ತಲೆದೆಸೆಯಲ್ಲಿ ತಿರುಗುತ್ತಿತ್ತು. ಮೆಹಬೂಬ್ ಅದನ್ನು ನೋಡಿದ, ನನ್ನನ್ನು ನೋಡಿದ. ನಾನೇ ಎದ್ದು ಹೋಗಿ ತಂದಿಟ್ಟೆ.

ಆ ಭಾನುವಾರ ಡಬ್ಬಿ ಬತ್ತಲೆ ಕೂತಿತ್ತು, ಫ್ಯಾನು ಅದಕ್ಕೆ ಬೀಸಿತು, ನಾನು ಬೆವರಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಂಪ್ಯೂಟರು ಒಂದು ಸಲವೂ ನಿಲ್ಲಲಿಲ್ಲ. ಒಂದೊಂದೇ ಫೋಟೋ ತೆರೆದು ನೋಡಿದೆ. ಯಲ್ಲಪ್ಪನ ಮುಖ ಪೂರ್ತಿ ಬಿಚ್ಚಿಕೊಂಡಿತು. ಮೆಹಬೂಬ್ ಇದ್ದ, ಅವನ ತಾಯಿ ಇದ್ದರು. ಎಲ್ಲರೂ ಬಿಳಿ ಚಾದರದ ಮುಂದೆ ಗದ್ದ ಎತ್ತಿ ನಿಂತಿದ್ದರು. ನಾನೂ ಮೂರು ಕಡೆ ಇದ್ದೆ, ಮೂರರಲ್ಲೂ ಅರ್ಜಿ ತಿರಸ್ಕಾರವಾದವನ ಮುಖ. ಕತ್ತರಿಸದೆ ಬಿಟ್ಟ ಕೆಲವು ಫೋಟೋಗಳಲ್ಲಿ ಅಂಚಿನಿಂದ ಹಸಿರು ಬಳೆಯ ಒಂದು ಕೈ ಬಂದು ಯಾರದೋ ಕಾಲರ್ ಸರಿಮಾಡುತ್ತಿದೆ. ಆ ಕೈಯ ಹಿಂದಿನವಳು ಎಲ್ಲೂ ಇಲ್ಲ.

ಅವಳು ಒಮ್ಮೆ ಕೇಳಿದ್ದಳು. ಚಾದರ ಇನ್ನೂ ಕಟ್ಟಿತ್ತು, ಬಾಗಿಲಿನಿಂದ ಬಿಸಿಲು ಬರುತ್ತಿತ್ತು. “ಬೆಳಕ ಚಲೋ ಐತ್ರಿ. ನಂದೂ ಒಂದ ಹೊಡೀರಿ.”

“ಯಾವ ಅರ್ಜಿಗಿ?” ಎಂದೆ, ಮಲಗಿದ ಕಡೆಯಿಂದಲೇ.

ಅವಳು ನಕ್ಕು ಚಾದರ ಬಿಚ್ಚಿ ಮಡಚಿದಳು. ನಾನು ಒಳ್ಳೆಯ ಜೋಕು ಹೇಳಿದೆ ಎಂದು ಮಗ್ಗುಲಾದೆ.

ವರ್ಷದ ಎಡೆಗೆ ಅಕ್ಕ ನಾಳೆ ಬರುತ್ತಾಳೆ. ಊದಿನಕಡ್ಡಿಯನ್ನು ಹೊರಗೆ ಕಟ್ಟೆಯ ಮೇಲೆ ಹಚ್ಚಬೇಕೆಂದು ಮೆಹಬೂಬ್ ಹೇಳಿಹೋಗಿದ್ದಾನೆ. ಕಂಪ್ಯೂಟರು ಸರಿಯಾಗಿದೆ. ಗೋಡೆಗೆ ಮೊಳೆ ಹೊಡೆದಿದ್ದೇನೆ. ಫೋಟೋ ಇಲ್ಲ.