ಸಮುದ್ರವಿಲ್ಲದ ಊರಲ್ಲಿ ನೀರು ಹಿಡಿದ ಕಥೆ

ಕಾರ್ಖಾನೆ ನೀರನ್ನು ಬಾಟಲಿಗೆ ಹಿಡಿದು ಪರೀಕ್ಷೆಗೆ ಒಯ್ಯುವುದು ನನ್ನ ಕೆಲಸವಾಗಿತ್ತು. ಈ ಕೆಲಸದಲ್ಲಿದ್ದವರು ನಗುವಂಥದ್ದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೋರಿ ಪಕ್ಕ ಬಗ್ಗಿ ನಿಂತರೆ ಸಾಕು, ಅದೇ ಹಿಂದಿನಿಂದ ಬಂದು "ಏನ್ ಬಿದ್ದೋಯ್ತು ಮೇಡಂ?" ಅಂತ ಕೇಳುತ್ತದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬೆಂಗಳೂರಿನ ಕಾರ್ಖಾನೆಗಳು ಮೈಸೂರು ರಸ್ತೆ, ಕನಕಪುರ ರಸ್ತೆ ಹಿಡಿದು ನಮ್ಮ ಕಡೆಗೆ ಬರತೊಡಗಿದ್ದವು. ರಾಗಿ ಹೊಲದ ಮಧ್ಯೆ ತಗಡಿನ ಶೆಡ್ಡುಗಳು ಎದ್ದವು. ರಾಮನಗರದ ನಮ್ಮ ಮಾಲಿನ್ಯ ನಿಯಂತ್ರಣ ಕಚೇರಿಯಿಂದ ಹೊರಗೆ ಸುತ್ತುತ್ತಿದ್ದವರು ಮೂವರು: ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಸಾಹೇಬರು, ಜೀಪಿನ ಡ್ರೈವರು ಮತ್ತು ನಾನು.

ಚೆಕ್‌ಪೋಸ್ಟಿನಲ್ಲಿ

ಸಾರಾಯಿ ಬಂದ್ ಆದ ಹೊಸತು. ನಮ್ಮ ಸರ್ಕಾರಿ ಜೀಪು ಗ್ಯಾರೇಜು ಸೇರಿತ್ತು. ಅದಕ್ಕೇ ಬಾಡಿಗೆ ಜೀಪಿನಲ್ಲಿ ಕ್ಯಾನುಗಳನ್ನು ತುಂಬಿಕೊಂಡು ನಾನು ಮತ್ತು ಡ್ರೈವರು ಬೆಂಗಳೂರಿನ ಲ್ಯಾಬಿಗೆ ಹೊರಟಿದ್ದೆವು. ಕ್ಯಾನುಗಳಲ್ಲಿ ಇದ್ದದ್ದು ರೇಷ್ಮೆಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ನೀರು. ಅದರ ವಾಸನೆ ಏನೆಂದು ರಾಮನಗರದವರಿಗೆ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ.

ದಾರಿಯಲ್ಲಿ ಒಬ್ಬ ಪೇದೆ ಕೈ ಅಡ್ಡ ಹಿಡಿದ. ಹಿಂದೆ ಸಾಲಾಗಿ ನಿಂತ ಕ್ಯಾನುಗಳನ್ನು ನೋಡಿ ಅವನ ಮುಖ ಅರಳಿತು. ಅದು ಕೊಳಕು ನೀರು, ಪರೀಕ್ಷೆಗೆ ಹೋಗುತ್ತಿದೆ ಅಂದೆ. ಸಿಕ್ಕಿಬಿದ್ದವರೆಲ್ಲ ನೀರು ಅಂತಲೇ ಹೇಳುವುದು ಅಂತ ಅವನು ಒಂದು ಕ್ಯಾನಿನ ಮುಚ್ಚಳಕ್ಕೆ ಕೈ ಹಾಕಿದ. ಸೀಲು ಒಡೆದರೆ ಇಡೀ ದಿನದ ಕೆಲಸ ಹಾಳು. ಅಷ್ಟರಲ್ಲಿ ಅವನು ಮುಚ್ಚಳ ತಿರುಗಿಸಿ, ಮೂಗನ್ನು ಪೂರ್ತಿ ಒಳಗಿಟ್ಟು, ಅನುಭವಸ್ಥನ ಹಾಗೆ ದೀರ್ಘವಾಗಿ ಉಸಿರೆಳೆದುಕೊಂಡ.

ಆಮೇಲೆ ರಸ್ತೆ ಬದಿಯ ಹುಣಸೆ ಮರ ಹಿಡಿದುಕೊಂಡು ಸುಮಾರು ಹೊತ್ತು ನಿಂತಿದ್ದ. ನಾನು ಗಾಬರಿಯಿಂದ ನೋಡಿದರೆ ಅವನು ತೆರೆದದ್ದು ಸೀಲು ಹಾಕದ ಹೆಚ್ಚುವರಿ ಕ್ಯಾನು. ಹೋದ ಜೀವ ಬಂತು. ಪೇದೆ ಕಣ್ಣೊರೆಸಿಕೊಂಡು ಬಂದು, "ಇದನ್ನ ಯಾರ್ ಕುಡೀತಾರೆ ಮೇಡಂ?" ಅಂದ.

"ಯಾರೂ ಕುಡೀಬಾರದು ಅಂತಲೇ ಒಯ್ತಾ ಇರೋದು," ಅಂದೆ.

ಅಲ್ಲಿಂದ ಮುಂದೆ ನಮ್ಮ ಜೀಪು ದೂರದಲ್ಲಿ ಕಂಡರೆ ಸಾಕು, ಅವನು ಒಂದು ಕೈಯಲ್ಲಿ ಗೇಟು ಎತ್ತುತ್ತಿದ್ದ. ಇನ್ನೊಂದು ಕೈ ಮೂಗಿನ ಮೇಲಿರುತ್ತಿತ್ತು.

ಹಳದಿ ಹಳ್ಳ

ಒಂದು ಬೆಳಿಗ್ಗೆ ವಿರೂಪಾಕ್ಷಿಪುರದ ಕಡೆಯಿಂದ ಫೋನು ಬಂತು. ಹಳ್ಳದ ನೀರು ಹಳದಿಯಾಗಿ ಹರಿಯುತ್ತಿದೆ ಅಂದರು. ಸಾಹೇಬರು ಆಗಲೇ ಜೀಪು ಹತ್ತಿದ್ದರು. ಆ ಹಳ್ಳದ ಮೇಲ್ಗಡೆ ಎಂಥದೋ ಪುಡಿ ಮಾಡುವ ಹೊಸ ಕಾರ್ಖಾನೆ ಶುರುವಾಗಿತ್ತು. ಅದರ ಮೇಲೆ ಅವರಿಗೆ ಮೊದಲಿಂದಲೂ ಅನುಮಾನ. ಹಳ್ಳ ಹೋಗಿ ಸೇರುವುದು ಊರಿನ ಕೆರೆಗೆ. ಕೆರೆಗೆ ವಿಷ ಇಳಿದರೆ ಮೀನು, ದನಕರು, ಸುತ್ತಲಿನ ಬಾವಿ ಯಾವುದೂ ಉಳಿಯುವುದಿಲ್ಲ. ಡ್ರೈವರು ಅವತ್ತು ಓಡಿಸಿದ ಹಾಗೆ ಯಾವತ್ತೂ ಓಡಿಸಿರಲಿಲ್ಲ.

ಹೋಗಿ ನೋಡಿದರೆ ಸುದ್ದಿ ನಿಜ. ನೀರು ಅಚ್ಚ ಹಳದಿ. ನಾನು ಬಾಟಲಿ ತುಂಬಿಕೊಂಡೆ. ಸಾಹೇಬರು ಪ್ಯಾಂಟು ಮಡಿಸಿ, ಹಳ್ಳದ ಗುಂಟ ಮೇಲಕ್ಕೆ ನಡೆದರು. ಕಾರ್ಖಾನೆ ಹತ್ತಿರವಾದಷ್ಟೂ ಬಣ್ಣ ಗಾಢವಾಗುತ್ತಿತ್ತು, ಅವರ ಹೆಜ್ಜೆ ಜೋರಾಗುತ್ತಿತ್ತು. ತಿರುವು ದಾಟಿದ್ದೇ ತಡ, ಸಾಹೇಬರು ನಿಂತುಬಿಟ್ಟರು. ಊರಿನ ಎತ್ತುಗಳೆಲ್ಲ ಹಳ್ಳದಲ್ಲಿ ನಿಂತಿದ್ದವು. ಒಂದೊಂದಕ್ಕೂ ಒಬ್ಬೊಬ್ಬ ಹುಲ್ಲಿನ ಉಂಡೆ ಹಿಡಿದು ಮೈ ತಿಕ್ಕುತ್ತಿದ್ದ. ಅವುಗಳಿಂದ ಆಚೆಗೆ ನೀರು ಕನ್ನಡಿಯ ಹಾಗಿತ್ತು.

ಹಿಂದಿನ ದಿನ ಸಂಕ್ರಾಂತಿ. ಎತ್ತಿನ ಮೈಗೆಲ್ಲ ಅರಿಶಿನ ಬಳಿದು ಕಿಚ್ಚು ಹಾಯಿಸಿದ್ದರು. ಸಾಹೇಬರಿಗೆ ನಾನೇ ಇದನ್ನೆಲ್ಲ ವಿವರಿಸಬೇಕಾಯಿತು. ಅವರು ಒಂದು ಬಂಡೆಯ ಮೇಲೆ ಕೂತು, ಕರ್ಚೀಫಿನಿಂದ ಮುಖ ಒರೆಸಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೂ ಬಂದ ಮೇಲೆ ವರದಿ ಬರೆಯಲೇಬೇಕಲ್ಲ. ಮಾಲಿನ್ಯ ಮಾಡಿದವರು ಯಾರು ಅಂತ ಬರೆಯಲಿ ಎಂದು ಹತ್ತಿರ ಎತ್ತು ತೊಳೆಯುತ್ತಿದ್ದ ಗೌಡರೊಬ್ಬರನ್ನೇ ಕೇಳಿದರು.

ಗೌಡರು ತಮ್ಮ ಎತ್ತಿನ ಬೆನ್ನು ತಟ್ಟಿ ಹೇಳಿದರು: "ಬಸವ ಅಂತ ಬರ್ಕಳಿ ಸಾ. ಆದ್ರೆ ನೋಟೀಸ್ ಗೀಟೀಸ್ ಕೊಡಕ್ ಓಗ್ಬೇಡಿ, ತಿಂದ್ಬುಡ್ತಾನೆ."

ಕನಕಪುರಕ್ಕೆ ಬಂದ ಸಮುದ್ರ

ಸಮುದ್ರ ಕಾಪಾಡುವುದು ದೇಶದ ದೊಡ್ಡ ಕೆಲಸ, ಎಲ್ಲಾ ಜಿಲ್ಲೆಗಳಲ್ಲೂ ಜನರಿಗೆ ತಿಳಿಹೇಳಬೇಕು ಅಂತ ಮೇಲಿನಿಂದ ಆದೇಶ ಬಂತು. ನಮ್ಮಿಂದ ಸಮುದ್ರಕ್ಕೆ ಹೋಗಬೇಕಾದರೆ ಯಾವ ದಿಕ್ಕಿಗೆ ಹೊರಟರೂ ಒಂದು ದಿನದ ಪ್ರಯಾಣ. ಆದರೂ ಆದೇಶ ಆದೇಶವೇ. ಕನಕಪುರದ ಹತ್ತಿರ ಒಂದು ಹಳ್ಳಿಯಲ್ಲಿ ಸಭೆ ಇಟ್ಟುಕೊಂಡೆವು. ಬ್ಯಾನರಿನಲ್ಲಿ ದೊಡ್ಡ ತಿಮಿಂಗಿಲದ ಚಿತ್ರವಿತ್ತು. ಜನ ಅದನ್ನು ನೋಡಿ, ಸಾರು ಮಾಡಿದರೆ ಎಷ್ಟು ಮನೆಗಾಗಬಹುದು ಅಂತ ಮಾತಾಡಿಕೊಳ್ಳುತ್ತಿದ್ದರು.

ಸಾಹೇಬರು ಚೆನ್ನಾಗಿಯೇ ಮಾತಾಡಿದರು. ಇಲ್ಲಿನ ಮೋರಿ ನೀರು ಅರ್ಕಾವತಿಗೆ ಸೇರುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ, ಕಾವೇರಿ ತಮಿಳುನಾಡು ದಾಟಿ ಸಮುದ್ರಕ್ಕೆ, ಆದ್ದರಿಂದ ಇಲ್ಲಿ ಹೊಳೆ ಶುದ್ಧವಾಗಿಟ್ಟರೆ ಅಲ್ಲಿ ಸಮುದ್ರ ಉಳಿಯುತ್ತದೆ ಅಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು ಟವೆಲ್ಲು ಕೊಡವಿಕೊಂಡು ಎದ್ದರು. ಈ ನೀರು ತಮಿಳುನಾಡಿಗೆ ಹೋಗುವುದು ಖಾತ್ರಿಯೇ ಅಂತ ಕೇಳಿದರು. ಸಾಹೇಬರು ಖುಷಿಯಿಂದ ಹೌದು ಅಂದರು.

"ಅಲ್ಲಾ ಸಾ, ನೀರೇ ಬುಡಕಿಲ್ಲ ಅಂತ ರಸ್ತೇಲಿ ಕುಂತಿದ್ದೋರು ನಾವು. ನೀವು ನೋಡುದ್ರೆ ತೊಳ್ದು ಬುಡಿ ಅಂತೀರಲ್ಲ."

ಸಭೆ ಹೋ ಎಂದಿತು. ಹಿಂದಿನಿಂದ ಯಾರೋ ಕಾವೇರಿ ಘೋಷಣೆ ಶುರುಮಾಡಿದರು. ಡ್ರೈವರು ಜೀಪು ತಿರುಗಿಸಿ ನಿಲ್ಲಿಸಲು ಹೋದ. ನಾನು ಬ್ಯಾನರು ಸುತ್ತಿಕೊಳ್ಳಲೋ ಬಿಟ್ಟು ಓಡಲೋ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅದೇ ಹಿರಿಯರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಸಮುದ್ರದ ವಿಷಯ ಆಮೇಲೆ ನೋಡೋಣ, ಹೊಳೆ ಮೊದಲು ನಮ್ಮೂರ ಮುಂದೆ ಬರುತ್ತದೆ, ತಮಿಳುನಾಡಿಗಿಂತ ಮುಂಚೆ ನನ್ನ ಎಮ್ಮೆ ಕುಡಿಯುತ್ತದೆ, ಅದಕ್ಕಾದರೂ ನೀರು ಚೆನ್ನಾಗಿರಬೇಕು ಅಂದರು. ಎಮ್ಮೆಯ ಮಾತನ್ನು ಎಲ್ಲರೂ ಒಪ್ಪಿದರು.

ಸಾಹೇಬರು ಸಿಕ್ಕಿದ್ದೇ ಸಮಯ ಅಂತ ಪ್ರತಿಜ್ಞೆ ಹೇಳಿಸಿಬಿಟ್ಟರು. ದೇಶದಲ್ಲಿ ಅವತ್ತು ಸಮುದ್ರದ ಜೊತೆಗೆ ಎಮ್ಮೆಯ ಹೆಸರಿನಲ್ಲೂ ಕೈ ಮುಂದೆ ಚಾಚಿದವರು ನಾವೊಬ್ಬರೇ ಇರಬೇಕು.

ಗೇಟಿನ ಮೀನು

ಕನಕಪುರ ರಸ್ತೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಿತ್ತು. ಅದರ ಕೆಳಗಿನ ಕೆರೆಯಲ್ಲಿ ನೊರೆ ಏಳುತ್ತಿತ್ತು, ಮೀನು ಸಾಯುತ್ತಿತ್ತು, ಬಟ್ಟೆ ಒಗೆದ ಹೆಂಗಸರ ಕೈ ತುರಿಸುತ್ತಿತ್ತು. ನಾವು ಹೋದಾಗಲೆಲ್ಲ ಶುದ್ಧೀಕರಣದ ಯಂತ್ರ ಗುಂಯ್ ಅನ್ನುತ್ತಿರುತ್ತಿತ್ತು. ಮ್ಯಾನೇಜರು ನಮ್ಮನ್ನು ಗೇಟಿನ ಪಕ್ಕದ ಗಾಜಿನ ತೊಟ್ಟಿಯ ಹತ್ತಿರ ಕರೆದೊಯ್ದು, ಅದರಲ್ಲಿ ಓಡಾಡುವ ಕೆಂಪು ಮೀನುಗಳನ್ನು ತೋರಿಸುತ್ತಿದ್ದರು. ಅವು ಇರುವುದು ಶುದ್ಧ ಮಾಡಿದ ಕಾರ್ಖಾನೆ ನೀರಿನಲ್ಲೇ ಅಂತ ಅವರ ಹೆಮ್ಮೆ. ಬಾಟಲಿಯ ನೀರೂ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು. ಕೆರೆ ಮಾತ್ರ ಸಾಯುತ್ತಲೇ ಇತ್ತು. ಸಾಹೇಬರು ಊಟ ಸೇರದೆ ಕೊರಗುತ್ತಿದ್ದರು.

ಒಮ್ಮೆ ಹೇಳದೆ ಕೇಳದೆ ಹೋದೆವು. ಮ್ಯಾನೇಜರು ಯಾವುದೋ ಮದುವೆಗೆ ಹೋಗಿದ್ದರು. ಗೇಟಿನಲ್ಲಿ ಕಬ್ಬಾಳಿನ ಕಡೆಯ ಹೊಸ ವಾಚ್‌ಮನ್. ಆತ ಮಿನರಲ್ ವಾಟರಿನ ಕ್ಯಾನು ಎತ್ತಿ ಮೀನಿನ ತೊಟ್ಟಿಗೆ ಸುರಿಯುತ್ತಿದ್ದ. ನಾನು ಮೀನು ಮುದ್ದಾಗಿವೆ ಅಂದೆ. ಅಷ್ಟು ಸಾಕಾಯಿತು, ಮನೆ ಮಕ್ಕಳ ವಿಷಯದ ಹಾಗೆ ಹೇಳತೊಡಗಿದ. ಇದು ಕಾರ್ಖಾನೆ ನೀರಲ್ಲವಾ ಅಂತ ಸಾಹೇಬರು ಮೆಲ್ಲಗೆ ಕೇಳಿದರು.

"ಅಯ್ಯೋ, ಅದನ್ನ ಆಕುದ್ರೆ ಉಳೀತಾವಾ ಸಾ? ಮುಂಚಿನವು ಅಂಗೇ ಸತ್ತಿದ್ದಂತೆ. ಪಾಪ ಅಲ್ವಾ."

ಆ ನೀರು ಎಲ್ಲಿಗೆ ಹೋಗುತ್ತದೆ ಅಂದಾಗ, ಮೇಡಂ ಸೀರೆ ಒಸಿ ಎತ್ತಿ ಹಿಡಿದುಕೊಳ್ಳಲಿ ಅಂತ ಎಚ್ಚರಿಸಿ, ಲಂಟಾನ ಪೊದೆಯ ಹಿಂದಿದ್ದ ಪೈಪಿನವರೆಗೂ ಆತನೇ ಕರೆದುಕೊಂಡು ಹೋದ. ನೀರು ನೇರಳೆ ಬಣ್ಣದಲ್ಲಿ ಹೊಗೆಯಾಡುತ್ತಾ ಇಳಿಯುತ್ತಿತ್ತು. ನಾನು ಬಾಟಲಿ ತುಂಬಿದೆ.

ಕಾರ್ಖಾನೆಗೆ ಬೀಗ ಬಿತ್ತು. ಯಂತ್ರವನ್ನು ದಿನವೂ ಓಡಿಸುತ್ತೇವೆ ಅಂತ ಒಪ್ಪಿ, ಆ ಪೈಪು ಕಿತ್ತ ಮೇಲೆಯೇ ಬೀಗ ತೆಗೆದದ್ದು. ನನಗೆ ವಾಚ್‌ಮನ್‌ನದೇ ಚಿಂತೆಯಾಗಿತ್ತು. ಆದರೆ ಸಾಹೇಬರು ಮ್ಯಾನೇಜರಿಗೆ, ಮುಂದಿನ ಸಲ ಬಂದಾಗ ಯಂತ್ರವೂ ಇರಬೇಕು, ಈ ಮನುಷ್ಯನೂ ಇರಬೇಕು ಅಂತ ಖಡಾಖಂಡಿತವಾಗಿ ಹೇಳಿದ್ದರು.

ಮಳೆಗಾಲ ಮುಗಿದ ಮೇಲೆ ಹೋದೆವು. ಕೆರೆಯಲ್ಲಿ ನೊರೆಯಿರಲಿಲ್ಲ. ಕೊಕ್ಕರೆಗಳು ನಿಂತಿದ್ದವು, ಹೆಂಗಸರು ಮತ್ತೆ ಬಟ್ಟೆ ಒಗೆಯುತ್ತಿದ್ದರು. ಗೇಟಿನಲ್ಲಿ ಅದೇ ವಾಚ್‌ಮನ್, ಅದೇ ಗಾಜಿನ ತೊಟ್ಟಿ. ಈಗ ಅದಕ್ಕೆ ನಿಜವಾಗಿಯೂ ಕಾರ್ಖಾನೆಯ ನೀರನ್ನೇ ಹಾಕುತ್ತಿದ್ದರು. ಎಲ್ಲಾ ಹೇಗಿದ್ದಾವೆ ಅಂತ ಕೇಳಿದೆ.

ಆತ ಆಫೀಸಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ: "ಮೀನು ಚೆನ್ನಾಗವೆ ಮೇಡಂ. ಮ್ಯಾನೇಜರ್ರೇ ಒಸಿ ಸೊರಗವ್ರೆ."