ಅಪ್ಪನ ಪುಟಕ್ಕೆ ಬಂದ ಕರೆಗಳು

ಸತ್ತವರಿಗೆ ಕೆಲಸ ಸಿಗುವುದಿಲ್ಲ ಎಂದು ತಿಳಿದಿದ್ದೆ. ನಮ್ಮಪ್ಪನಿಗೆ ಈಗಲೂ ವಾರಕ್ಕೆ ಮೂರಾದರೂ ಸಿಗುತ್ತಿದೆ.

ಅಪ್ಪ ಕೆಜಿಎಫ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಐದು ತಿಂಗಳ ಹಿಂದೆ ಒಂದು ಮಧ್ಯಾಹ್ನ, ಊಟ ಮಾಡಿ ಸ್ಟೂಲಿನ ಮೇಲೆ ಕೂತಿದ್ದಾಗ ಹೃದಯ ನಿಂತಿತು. ಮಾತನಾಡಿಸಲು ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿದರು: "ಶಾಕ್ ಹೊಡೀತಾ?" ಇಲ್ಲ, ಹೃದಯ ಎಂದೆ. ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬರು, "ಹೃದಯಕ್ಕೆ ಶಾಕ್ ಹೊಡೆದಿರಬೇಕು" ಎಂದು ತೀರ್ಮಾನಿಸಿ ಎದ್ದು ಹೋದರು.

ನಾನು ಬಿಎಸ್ಸಿ ಓದಿದವಳು. ಭೌತಶಾಸ್ತ್ರ. ಡಿಗ್ರಿ ಮುಗಿದ ಮೇಲೆ ಎರಡು ವರ್ಷ ಅಪ್ಪನ ಜೊತೆ ದೊಡ್ಡ ಕೆಲಸಗಳಿಗೆಲ್ಲ ಹೋಗಿದ್ದೇನೆ. ವೈರಿಂಗ್ ಮಾಡಲು ಸರ್ಕಾರದ ಪರ್ಮಿಟ್ಟೂ ಇದೆ. ಇಲ್ಲದಿರುವುದು ಹೆಸರು. ಕೆಲಸ ಹುಡುಕಿಕೊಡುವ ಆನ್‌ಲೈನ್ ತಾಣದಲ್ಲಿ ಅಪ್ಪನ ಪುಟಕ್ಕೆ ನಾಲ್ಕೂ ಮುಕ್ಕಾಲು ನಕ್ಷತ್ರ. ಅಪ್ಪ ಹೋದ ಮೇಲೆ ನಾನು ಮಾಡಿಕೊಂಡ ನನ್ನ ಪುಟಕ್ಕೆ ಸೊನ್ನೆ. ಹಿಂದೆ ಅಪ್ಪ ದುಡಿಯುತ್ತಿದ್ದ ಬಂಗಾರಪೇಟೆಯ ಎಲೆಕ್ಟ್ರಿಕ್ ಅಂಗಡಿಯವರು, "ಬಿಲ್ ಬರೆಯೋಕೆ ಬಾಮ್ಮಾ, ಈ ತಿಂಗಳ ಕೊನೆಯೊಳಗೆ ಹೇಳು" ಎಂದಿದ್ದರು. ಅಷ್ಟರಲ್ಲಿ ನನ್ನ ಹೆಸರಿಗೆ ಒಂದೇ ಒಂದು ಕರೆ ಬಂದರೂ ಅಂಗಡಿಗೆ ಹೋಗುವುದಿಲ್ಲ ಎಂದು ಅಮ್ಮನಿಗೆ ಹೇಳಿದೆ. ಆ ಒಂದು ಕರೆ ಬರುವ ಮೊದಲು ನಡೆದ ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇನೆ.

೧. ಅವರೆಕಾಯಿ

ಮೊದಲಿಗೆ ಅಪ್ಪ ಬದುಕಿದ್ದಾಗಿನ ಮಾತು.

ಅಂಗಡಿಯವರು ಪ್ರತಿ ಕೆಲಸದಲ್ಲೂ ಪಾಲು ಹಿಡಿಯುತ್ತಿದ್ದರು. ನಾನು ಹುಡುಕಿ, ಕಮಿಷನ್ ಇಲ್ಲದ ಒಂದು ತಾಣದಲ್ಲಿ ಅಪ್ಪನ ಪುಟ ತೆರೆದೆ. ಫೋಟೋ ಹಾಕಿದೆ. ಕೆಲಸಗಳ ಪಟ್ಟಿ ಬರೆದೆ: ಮನೆ ವೈರಿಂಗ್, ಮೋಟರ್, ಫ್ಯಾನ್, ಮೇನ್ ಬೋರ್ಡ್. ಎಲ್ಲೆಲ್ಲಿಗೆ ಹೋಗುತ್ತಾರೆ, ಯಾವ ಭಾಷೆ ಬರುತ್ತದೆ ಎಂದೂ ಬರೆದೆ. 'ಅನುಭವ' ಎನ್ನುವ ಜಾಗದಲ್ಲಿ ಮೂವತ್ತು ವರ್ಷ ಎಂದು ಹಾಕಿದರೆ ಅಪ್ಪ ಒಪ್ಪಲಿಲ್ಲ. "ಯಾರ್ಗೂ ಮೋಸ ಮಾಡಿಲ್ಲ ಅಂತ ಬರಿ" ಎಂದರು. ಬರೆದೆ.

"ಗಿರಾಕಿ ನೇರ ನಿಮಗೇ ಫೋನ್ ಮಾಡ್ತಾರೆ. ಮಧ್ಯೆ ಯಾರೂ ಏನೂ ತಗೊಳ್ಳಲ್ಲ" ಎಂದೆ.

"ಏನೂ ತಕಳಲ್ವಾ? ಅಂಗಾದ್ರೆ ಅವ್ರು ಒಟ್ಟೆಗೇನ್ ತಿಂತಾರೆ ಅಮ್ಮಣ್ಣಿ?"

"ಜಾಹೀರಾತು ಹಾಕ್ತಾರೆ."

"ಜಾಯೀರಾತು ತಿನ್ನೋಕಾಗ್ತದಾ?"

ಮೊದಲ ವಾರವೇ ಬೇತಮಂಗಲದಿಂದ ಒಂದು ಇಡೀ ಮನೆಯ ವೈರಿಂಗ್ ಕೆಲಸ ಬಂತು. ಅಪ್ಪನಿಗೆ ಸಂತೋಷಕ್ಕಿಂತ ಸಂಕೋಚ ಹೆಚ್ಚಾಯಿತು. ಋಣ ಇಟ್ಟುಕೊಂಡು ಮಲಗುವ ಮನುಷ್ಯನಲ್ಲ. ನನಗೆ ಹೇಳದೆ ತಾಣದ ಸಹಾಯವಾಣಿಗೆ ತಾವೇ ಒಂದೊಂದೇ ಅಕ್ಷರ ಒತ್ತಿ ಬರೆದರು: 'ಸೊಗಡಿನ ಅವರೆಕಾಯಿ ಒಂದು ಮೂಟೆ ಕಳಿಸುತ್ತೇನೆ. ಮನೆ ವಿಳಾಸ ಕೊಡಿ.'

ಎರಡು ನಿಮಿಷದಲ್ಲಿ ಉತ್ತರ ಬಂತು: 'ನಿಮ್ಮ ದೂರನ್ನು ದಾಖಲಿಸಿಕೊಳ್ಳಲಾಗಿದೆ.'

೨. ಕಣ್ಣು ಮಿಟುಕಿಸಿ

ಹನ್ನೊಂದನೆಯ ದಿನದ ಕಾರ್ಯ ನಡೆಯುತ್ತಿತ್ತು. ಅಪ್ಪನ ಫೋನು ಸದ್ದು ಮಾಡಿತು. ತಾಣದಿಂದ ಸಂದೇಶ: 'ನೀವು ಹತ್ತು ದಿನಗಳಿಂದ ಕಾಣಿಸುತ್ತಿಲ್ಲ. ಗ್ರಾಹಕರು ನಿಮ್ಮನ್ನು ಹುಡುಕುತ್ತಿದ್ದಾರೆ!' ಕೊನೆಯಲ್ಲಿ ನಗುವ ಮುಖದ ಚಿತ್ರ.

ಪುಟ ಅಳಿಸಿಬಿಡೋಣ ಎಂದು ಕೂತೆ. ನಿಯಮ ಹೀಗಿತ್ತು: ಪುಟ ಅಳಿಸಬೇಕಾದರೆ ಖಾತೆದಾರರು ಕ್ಯಾಮೆರಾ ಎದುರು ಕೂತು ಎರಡು ಸಲ ಕಣ್ಣು ಮಿಟುಕಿಸಬೇಕು.

ಸಹಾಯವಾಣಿಗೆ ಬರೆದೆ: 'ಖಾತೆದಾರರು ತೀರಿಕೊಂಡಿದ್ದಾರೆ.'

ಉತ್ತರ: 'ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಬೆಳಕು ಚೆನ್ನಾಗಿರುವ ಜಾಗದಲ್ಲಿ ಮತ್ತೊಮ್ಮೆ ಪ್ರಯತ್ನಿಸಿ.'

ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಹತ್ತು ದಿನ ಯಾರ ಜೊತೆಗೂ ಮಾತನಾಡಿರಲಿಲ್ಲ. ಆಗ ಮಾತನಾಡಿದರು. "ಊರಿಗೆಲ್ಲ ಲೈಟ್ ಆಕಿದೋರಿಗೆ ಬೆಳಕಿನ ಇಸ್ಯ ಹೇಳ್ಕೊಡ್ತಾವ್ರಾ?" ಎಂದರು. ಆಮೇಲೆ, "ಅಳಿಸ್ಬೇಡ ಬಿಡು. ಫೋನ್ ಬಂದ್ರೆ ಅವ್ರನ್ನ ಯಾರೋ ಕರೀತಾವ್ರೆ ಅನ್ನಿಸ್ತದೆ" ಎಂದರು.

ಬಿಟ್ಟೆ. ಅಷ್ಟರಲ್ಲಿ ಸಹಾಯವಾಣಿಯಿಂದ ಇನ್ನೊಂದು ಸಾಲು ಬಂದಿತ್ತು: 'ಅವರೆಕಾಯಿ ಕುರಿತ ನಿಮ್ಮ ಹಿಂದಿನ ದೂರು ಇನ್ನೂ ಪರಿಶೀಲನೆಯಲ್ಲಿದೆ.'

೩. ಮೀಸೆ

ಅಂದಿನಿಂದ ಎರಡು ಫೋನ್ ಇಟ್ಟುಕೊಂಡು ತಿರುಗಿದೆ. ಅಪ್ಪನದು ಬಡಿದುಕೊಳ್ಳುತ್ತಿತ್ತು. ನನ್ನದು ಸುಮ್ಮನಿರುತ್ತಿತ್ತು. ಕರೆ ಮಾಡಿದವರಿಗೆಲ್ಲ, "ಅವರು ಇಲ್ಲ, ನಾನು ಅವರ ಮಗಳು, ನಾನೇ ಬರ್ತೀನಿ" ಎನ್ನುತ್ತಿದ್ದೆ. ಅವರು ಕೇಳಿಸಿಕೊಳ್ಳುತ್ತಿದ್ದುದು ಕೊನೆಯ ಮಾತು ಮಾತ್ರ.

ಕ್ಯಾಸಂಬಳ್ಳಿ ಕಡೆಯ ಒಂದು ತೋಟದಿಂದ ಕರೆ. ಬೋರಿನ ಮೋಟರ್ ಎತ್ತುತ್ತಿಲ್ಲ, ಹಸುಗಳಿಗೆ ನೀರಿಲ್ಲ. ಸ್ಕೂಟರಿನಲ್ಲಿ ಹೋದೆ. ಬಾಗಿಲಲ್ಲಿ ಒಬ್ಬ ತಾತ. ಫೋನ್ ಮಾಡಿದ್ದ ಮೊಮ್ಮಗ ಹಾಲಿನ ಡೈರಿಗೆ ಹೋಗಿದ್ದ.

"ಆ ಮೀಸೆಯಯ್ಯ ಎಲ್ಲವ್ನೆ ಮಗಾ? ಫೋಟೋದಾಗಿದ್ನಲ್ಲ?"

"ಅವರು ನಮ್ಮಪ್ಪ. ತೀರಿಕೊಂಡ್ರು ತಾತ."

"ಓ. ಯಾವಾಗ?"

"ಮೂರು ತಿಂಗಳಾಯ್ತು."

ತಾತ ಲೊಚಗುಟ್ಟಿದರು. ಆಮೇಲೆ ಕೇಳಿದರು: "ಅಂಗಾದ್ರೆ ಇವತ್ತು ಬರೋದು ತಡ ಆಗ್ತದಾ?"

ಮತ್ತೆ ವಿವರಿಸಿದೆ. ಅವರು ಮತ್ತೆ ಲೊಚಗುಟ್ಟಿ, "ನೀನು ಕೂತ್ಕೋ ತಾಯಿ, ನಿಮ್ಮಪ್ಪ ಬರೋಗಂಟ" ಎಂದು ಚಾಪೆ ಹಾಸಿದರು. ನಾನು ಮೇನ್ ಆಫ್ ಮಾಡಿ ಮೋಟರಿನ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿದೆ. ಒಳಗೆ ಒಂದು ಹಲ್ಲಿ ಸಿಕ್ಕಿಕೊಂಡು ಸತ್ತು ಒಣಗಿತ್ತು. ತೆಗೆದೆ, ಒರೆಸಿದೆ, ಮುಚ್ಚಿದೆ. ಮೋಟರ್ ಎತ್ತಿತು. ತೊಟ್ಟಿಗೆ ನೀರು ಬಿತ್ತು.

ತಾತ ನೀರು ನೋಡಿದರು, ದಾರಿ ನೋಡಿದರು. "ಅವ್ನು ಬಂದ್ರೆ ಇನ್ನೇನ್ ಕೆಲ್ಸ ಹೇಳಾಣ?" ಎಂದು ಚಿಂತೆಗೆ ಬಿದ್ದರು.

ಸಂಜೆ ಮೊಮ್ಮಗ ಐದು ನಕ್ಷತ್ರ ಕೊಟ್ಟ. ನನ್ನ ಪುಟಕ್ಕೆ ಕೊಡಿ ಎಂದು ಫೋನಿನಲ್ಲಿ ಬೇಡಿಕೊಂಡಿದ್ದೆ. ಕೊಟ್ಟಿದ್ದು ಅಪ್ಪನ ಪುಟಕ್ಕೆ. ಕೆಳಗೆ ಬರೆದಿದ್ದ: 'ಫೋಟೋದಲ್ಲಿ ಮೀಸೆ ಇದೆ. ಬಂದವರಿಗೆ ಇರಲಿಲ್ಲ. ಉಳಿದಂತೆ ತೊಂದರೆಯಿಲ್ಲ.'

೪. ಸಕ್ಕರೆ

ಅಪ್ಪನಿಗೊಂದು ಅಭ್ಯಾಸವಿತ್ತು. ಯಾವ ಮನೆಯಲ್ಲಿ ಕೆಲಸ ಮಾಡಿದರೂ ಸ್ವಿಚ್ ಬೋರ್ಡಿನ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು, ಯಾವ ವೈರು ಎಲ್ಲಿಗೆ ಹೋಗಿದೆ ಎಂದು. ಮುಂದೆ ಯಾರು ಬಿಚ್ಚಿದರೂ ಕಷ್ಟವಾಗಬಾರದು. ಮನೆಯವರ ಭಾಷೆಯಲ್ಲೇ ಬರೆಯುತ್ತಿದ್ದರು. ಬಂಗಾರಪೇಟೆಯಲ್ಲಿ ಕನ್ನಡ, ಆಂಧ್ರದ ಗಡಿ ಕಡೆ ತೆಲುಗು, ಕೆಜಿಎಫ್‌ನಲ್ಲಿ ಹೆಚ್ಚಾಗಿ ತಮಿಳು.

ನನಗೆ ತಮಿಳು ಮಾತನಾಡಲು ಬರುತ್ತದೆ. ಓದಲು ಬರುವುದಿಲ್ಲ.

ಕೋರಮಂಡಲ್‌ನ ಗಣಿ ಕಾರ್ಮಿಕರ ಸಾಲುಮನೆಯಲ್ಲಿ ಒಬ್ಬರು ಪಾಟಿ ಇದ್ದಾರೆ. ಅಜ್ಜಿಯನ್ನು ಅಲ್ಲಿ ಪಾಟಿ ಎನ್ನುತ್ತಾರೆ. ಅವರ ಫ್ಯಾನ್ ನಿಂತಿತ್ತು. ಅಪ್ಪ ಹೋದ ಸುದ್ದಿ ಅವರಿಗೆ ಗೊತ್ತಿತ್ತು. ಮೇನ್ ಆಫ್ ಮಾಡಿ ಮರದ ಬೋರ್ಡಿನ ಮುಚ್ಚಳ ತೆಗೆದೆ. ಒಳಗೆ ಅಪ್ಪನ ಅಕ್ಷರ. ಮೂರು ಸಾಲು, ತಮಿಳು.

"ಪಾಟಿ, ಸ್ವಲ್ಪ ಓದ್ತೀರಾ?"

ಅವರು ಕನ್ನಡಕ ಹಾಕಿ ಟಾರ್ಚ್ ಹಿಡಿದರು. "ಮೇಲಿನ ಕೆಂಪು ವೈರು ಫ್ಯಾನು. ಕೆಳಗಿನದು ಮುಟ್ಟಬೇಡ. ಆಮೇಲೆ..." ನಿಲ್ಲಿಸಿದರು.

"ಆಮೇಲೆ?"

"ಅದು ನಿಂಗಲ್ಲ."

"ಪಾಟಿ, ಕರೆಂಟ್ ವಿಷಯ. ಹೇಳ್ಲೇಬೇಕು."

ಪಾಟಿ ಟಾರ್ಚ್ ಆರಿಸಿದರು. "ಈ ಮನೇಲಿ ಕಾಫಿಗೆ ಸಕ್ಕರೆ ಕಮ್ಮಿ, ಅಂತ ಬರ್ದವ್ನೆ. ಆರು ವರ್ಷದಿಂದ ನನ್ನ ಗೋಡೆ ಮೇಲೇ ನನ್ ಮೇಲೆ ಕಂಪ್ಲೇಂಟು!"

ಬಯ್ಯುತ್ತಲೇ ಒಳಗೆ ಹೋದರು. ನಾನು ಕೆಂಪು ವೈರಿನ ತುದಿ ಹೊಸದಾಗಿ ಕಟ್ಟಿದೆ. ಫ್ಯಾನ್ ತಿರುಗಿತು. ಪಾಟಿ ಎರಡು ಲೋಟ ಕಾಫಿ ತಂದರು. ಒಂದು ನನ್ನ ಕೈಗೆ. ಇನ್ನೊಂದನ್ನು ಬೋರ್ಡಿನ ಕೆಳಗಿನ ಗೂಡಿನಲ್ಲಿಟ್ಟು, ಗೋಡೆಯ ಕಡೆ ತಿರುಗಿ ಹೇಳಿದರು: "ಮೂರು ಚಮಚ ಆಕಿದೀನಿ. ಈಗ ಬರಿ, ಏನ್ ಬರೀತೀಯೋ."

ನಾನು ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲ. ಅವತ್ತು ಎರಡೂ ಲೋಟ ನಾನೇ ಕುಡಿಯಬೇಕಾಯಿತು.

೫. ನಾಲ್ಕು

ಅಪ್ಪನ ಪುಟಕ್ಕೆ ಪೂರ್ತಿ ಐದು ನಕ್ಷತ್ರ ಬಾರದಂತೆ ಮಾಡಿದ್ದ ಗಿರಾಕಿಗಳಲ್ಲಿ ಮುಖ್ಯವಾದವರು ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಬಂಗಾರಪೇಟೆಯಲ್ಲಿ ಮನೆ. 'ಕೆಲಸ ಅಚ್ಚುಕಟ್ಟು. ಮಾತು ಜಾಸ್ತಿ. ನಾಲ್ಕು' ಎಂದು ಬರೆದಿದ್ದರು.

ಅದು ಅಪ್ಪನಿಗೆ ಬಹಳ ಚುಚ್ಚಿತ್ತು. ಆ ಒಂದು ನಕ್ಷತ್ರಕ್ಕಾಗಿ ಮೂರು ಸಲ ಅವರ ಮನೆಗೆ ಸುಮ್ಮನೆ ಹೋಗಿ ಸ್ಕ್ರೂ ಬಿಗಿ ಮಾಡಿ ಬಂದಿದ್ದರು. ಮೂರು ಸಲವೂ ಒಂದೊಂದು ಗಂಟೆ ಮಾತನಾಡಿ ಬಂದಿದ್ದರು. "ಮೇಷ್ಟ್ರೇ, ಒಂದ್ ಮಾರ್ಕ್ ಆಕ್ಬಾರ್ದಾ?" ಎಂದರೆ ಅವರು, "ಉತ್ತರ ಸುಧಾರಿಸಿಲ್ಲವಲ್ಲಪ್ಪ" ಎನ್ನುತ್ತಿದ್ದರಂತೆ.

ತಿಂಗಳು ಮುಗಿಯಲು ನಾಲ್ಕು ದಿನ ಇತ್ತು. ಅಪ್ಪನ ಫೋನಿಗೆ ಅವರ ಕರೆ ಬಂತು. ಅಪ್ಪ ಹೋದದ್ದು ಹೇಳಿದೆ. ಯಾವ ದಿನ, ಎಷ್ಟು ಗಂಟೆಗೆ ಎಂದು ಕೇಳಿಕೊಂಡರು. ಆಮೇಲೆ, "ನಡುಮನೆಯ ಸ್ವಿಚ್ ಕೆಲಸ ಮಾಡುತ್ತಿಲ್ಲ. ನೀನು ಬರುತ್ತೀಯಾ?" ಎಂದರು.

ಹೋದೆ. ಬೋರ್ಡ್ ಬಿಚ್ಚಿದೆ. ಅಪ್ಪ ಹಾಕಿದ ವೈರಿಂಗ್. ಸಡಿಲವಾಗುವ ಮಾತೇ ಇಲ್ಲ. ಆದರೆ ಒಂದು ಸ್ಕ್ರೂ ಸಡಿಲವಾಗಿತ್ತು. ಅದರ ತಲೆಯ ಮೇಲೆ ಹೊಸ ಗೀರು. ಮೇಜಿನ ಮೇಲೆ ತರಕಾರಿ ಚಾಕು, ತುದಿ ಬಾಗಿದೆ.

"ಮೇನ್ ಆಫ್ ಮಾಡಿ ಬಿಚ್ಚಿದ್ರಾ ಸರ್?"

"ಮಾಡದೆ ಯಾರಾದರೂ ಬಿಚ್ಚುತ್ತಾರೇನಮ್ಮ?" ಎಂದರು. ಆಮೇಲೆ ತಾವೇನು ಒಪ್ಪಿಕೊಂಡೆವೆಂದು ಹೊಳೆದು ಕಿಟಕಿಯ ಹೊರಗೆ ನೋಡಿದರು.

ಅಲ್ಲಿ ಎರಡು ಕುರ್ಚಿ ಎದುರುಬದುರು ಹಾಕಿತ್ತು. ಒಂದರಲ್ಲಿ ಅವರು ಕೂತರು. ನಾನು ಸ್ಕ್ರೂ ಬಿಗಿ ಮಾಡಿ, ಉಳಿದವನ್ನೂ ಒಂದೊಂದಾಗಿ ಪರೀಕ್ಷಿಸಿ, ಮುಚ್ಚಿದೆ. ಇಪ್ಪತ್ತು ನಿಮಿಷ. ಏನು ಮಾತನಾಡಬೇಕೋ ನನಗೆ ತಿಳಿಯಲಿಲ್ಲ. ಹೊರಡುವಾಗ ಒಂದೇ ಕೇಳಿದೆ: "ಸರ್, ನಕ್ಷತ್ರ ನನ್ನ ಪುಟಕ್ಕೆ ಕೊಡ್ತೀರಾ? ಅದರಲ್ಲಿ ಒಂದೂ ಇಲ್ಲ."

"ಆ ಪುಟದಿಂದ ನಾನು ಕರೆದಿಲ್ಲವಲ್ಲ. ನಿಯಮ ನಿಯಮವೇ." ಕನ್ನಡಕ ಹಾಕಿಕೊಂಡು ನನ್ನ ಪುಟ ಹುಡುಕಿ ಕರೆ ಒತ್ತಿದರು. ನನ್ನ ಚೀಲದಲ್ಲಿ ಫೋನ್ ಬಡಿದುಕೊಂಡಿತು. ತೆಗೆದೆ. ಎರಡಡಿ ದೂರದಲ್ಲಿ ನಿಂತು ಮೇಷ್ಟ್ರು ಕೇಳಿದರು:

"ಹಲೋ, ಎಲೆಕ್ಟ್ರಿಷಿಯನ್ ಬೇಕಿತ್ತು."

"ಬಂದಿದ್ದೇನೆ ಸರ್."

"ಬಹಳ ಬೇಗ ಬಂದಿರಿ" ಎಂದು ಫೋನ್ ಇಟ್ಟರು.

ಇದನ್ನು ನನ್ನ ಹೆಸರಿನ ಕರೆ ಎಂದು ಲೆಕ್ಕಕ್ಕೆ ಹಿಡಿಯಲು ಅಮ್ಮ ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ.

ಮರುದಿನ ಎರಡೂ ಪುಟ ನೋಡಿದೆ. ಅಪ್ಪನದರಲ್ಲಿ ಮೇಷ್ಟ್ರು ಹಳೆಯದನ್ನು ಅಳಿಸಿ ಹೀಗೆ ಬರೆದಿದ್ದರು: 'ಮರುಮೌಲ್ಯಮಾಪನದ ನಂತರ: ಐದು.'

ಅಮ್ಮನಿಗೆ ತೋರಿಸಿದೆ. ಅವರು ಫೋನನ್ನು ಅಪ್ಪನ ಫೋಟೋದ ಮುಂದೆ ಹಿಡಿದರು. ಪರದೆ ಆರುವವರೆಗೆ ಹಿಡಿದೇ ಇದ್ದರು.

ನನ್ನ ಪುಟದಲ್ಲಿ ಬರೆದಿದ್ದು: 'ಕೆಲಸ ಅದೇ. ಮಾತು ಕಡಿಮೆ. ಒಂದು ಕಳೆದಿದ್ದೇನೆ. ನಾಲ್ಕು.'

ಅಪ್ಪನಿಗೆ ಮಾತಿಗಾಗಿ ಕಳೆದರು, ನನಗೆ ಮೌನಕ್ಕಾಗಿ. ಅಂಗಡಿಯವರಿಗೆ ಬರುತ್ತೇನೆಂದು ಹೇಳಿಬಿಡೋಣ ಎಂದುಕೊಂಡೆ. ತಿಂಗಳ ಕೊನೆಯ ದಿನ ಬೆಳಿಗ್ಗೆ ಬಡಿದುಕೊಂಡಿದ್ದು ನನ್ನ ಫೋನು. ಬಂಗಾರಪೇಟೆಯ ಒಬ್ಬ ಹೆಂಗಸು.

"ನಿಮ್ಮ ಪುಟ ನೋಡ್ದೆ. ಮಾತು ಕಡಿಮೆ ಅಂತ ಬರ್ದವ್ರೆ. ನಿಜಾನಾ?"

"ಹೌದು."

"ಹಾಗಾದ್ರೆ ಇವತ್ತೇ ಬನ್ನಿ. ಹೋದ ವರ್ಷ ಒಬ್ರು ಬಂದಿದ್ರಮ್ಮಾ. ಕೆಲಸ ಚಿನ್ನ. ಆದ್ರೆ ಮಾತು, ಮಾತು, ಮಾತು! ಬಿಎಸ್ಸಿ ಓದಿರೋ ಮಗಳವ್ಳಂತೆ, ಅವಳ ವಿಷಯ ಶುರು ಮಾಡಿದ್ರೆ ನಿಲ್ಸೋರೇ ಅಲ್ಲ. ನನ್ನ ಒಲೆ ಮೇಲಿನ ಸಾರು ಸೀದೇ ಹೋಯ್ತು. ದೊಡ್ಡ ಮೀಸೆ. ನಿಮಗೆ ಗೊತ್ತಿರ್ಬೇಕು ಅವ್ರು?"

"ಗೊತ್ತು" ಎಂದೆ.

ಮಗಳ ವಿಷಯ ಏನೇನು ಹೇಳಿದರು ಎಂದು ಕೇಳಬೇಕೆನಿಸಿತು. ಬಾಯಿ ತೆರೆದೆ, ಮುಚ್ಚಿದೆ. ಕೆಲಸ ಸಿಕ್ಕಿದ್ದೇ ಮಾತು ಕಡಿಮೆ ಎಂದು.